ಅಪರಾಧಿಯ ಮನಸ್ಸೂ ಪ್ರೇಕ್ಷಕನ ತಾಳ್ಮೆಯೂ

(ಸಂಘದ ಸಾಹಿತ್ಯ ಗೋಷ್ಠಿಯಲ್ಲಿ ಶಾಲೆಯ ಮುಖ್ಯೋಪಾಧ್ಯಾಯರು ಮಾಡಿದ ಭಾಷಣದ ಬರಹರೂಪ)



ಈ ದಿನ ನಾಟಕವನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ಕಾರ್ಯದರ್ಶಿಗಳು ಅಪ್ಪಣೆ ಮಾಡಿದ್ದಾರೆ. ನಾಟಕವೆಂಬುದು ದೊಡ್ಡ ಸಮುದ್ರ. ಅದರ ದಡದಲ್ಲಿ ನಿಂತು ಒಂದು ಬೊಗಸೆ ನೀರನ್ನಷ್ಟೇ ತಮ್ಮ ಮುಂದೆ ಹಿಡಿಯುವುದು ನನ್ನ ಉದ್ದೇಶ. ಕೊಲೆಯೋ ಕಳವೋ ಆಗುತ್ತದೆ. ಮಾಡಿದವನು ಯಾರೆಂಬುದು ನಮಗೆ ಮೊದಲೇ ತಿಳಿದಿರುತ್ತದೆ. ಮುಂದೆ ಅವನ ಮನಸ್ಸಿನೊಳಗೆ ಏನೇನು ನಡೆಯುತ್ತದೆಂಬುದನ್ನು ನಾಟಕಕಾರನು ಅವಸರವಿಲ್ಲದೆ ಬಿಡಿಸಿ ತೋರಿಸುತ್ತಾನೆ. ಇಂಥ ನಾಟಕಗಳ ಮುಂದೆ ಕುಳಿತ ಜನರು ಹೇಗೆ ನಡೆದುಕೊಂಡರು, ಏನೆಂದರು, ಎಲ್ಲಿ ನಕ್ಕರು ಎಂಬುದೇ ಈ ಹೊತ್ತಿನ ವಿಷಯ.

ಈ ವಿಷಯವನ್ನೇ ಆರಿಸಿಕೊಂಡುದಕ್ಕೆ ಕಾರಣವೂ ಉಂಟು. ಕಳೆದ ವರ್ಷದ ವಾರ್ಷಿಕೋತ್ಸವದಲ್ಲಿ ನಮ್ಮ ಮಕ್ಕಳು ಆಡಿದ ನಾಟಕವು ಬಹಳ ನಿಧಾನವಾಯಿತೆಂದೂ, ನಮ್ಮ ಜನಕ್ಕೆ ಅಂಥದು ಹಿಡಿಸದೆಂದೂ, ಈ ಸಲ ಅರ್ಧ ಗಂಟೆಯ ಪ್ರಹಸನವೊಂದನ್ನು ಆಡಿಸಿದರೆ ಸಾಕೆಂದೂ ಸಮಿತಿಯಲ್ಲಿ ಸಲಹೆ ಬಂದಿದೆ. ಸಲಹೆ ಕೊಟ್ಟವರು ಶಾಲೆಯ ಹಿತೈಷಿಗಳೇ. ಆದುದರಿಂದ ಅವರಿಗೆ ಉತ್ತರವನ್ನು ಸಮಿತಿಯ ನಾಲ್ಕು ಗೋಡೆಗಳ ನಡುವೆ ಹೇಳುವುದಕ್ಕಿಂತ ಸಭೆಯಲ್ಲಿ ಹೇಳುವುದೇ ಲೇಸೆಂದು ಭಾವಿಸಿದ್ದೇನೆ.

ಮೊದಲು ರಷ್ಯಾ ದೇಶಕ್ಕೆ ಹೋಗೋಣ. ಟಾಲ್‌ಸ್ಟಾಯ್ ಮಹಾಶಯರ ಹೆಸರನ್ನು ಕೇಳದವರು ಇಲ್ಲಿ ಯಾರೂ ಇರಲಾರರು. ಅವರು ೧೮೮೬ರಲ್ಲಿ ‘ಕತ್ತಲೆಯ ಶಕ್ತಿ’ ಎಂಬರ್ಥದ ಹೆಸರಿನ ಐದು ಅಂಕಗಳ ನಾಟಕವೊಂದನ್ನು ಬರೆದರು. ಅದರ ಕಥೆ ಕಲ್ಪನೆಯದಲ್ಲ. ತೂಲಾ ಪ್ರಾಂತದ ನ್ಯಾಯಾಲಯಕ್ಕೆ ಬಂದಿದ್ದ ಮೊಕದ್ದಮೆಯೊಂದನ್ನು ಅಲ್ಲಿಯ ಸರಕಾರಿ ವಕೀಲರು ಅವರಿಗೆ ತಿಳಿಸಿದ್ದರು. ಮಲಮಗಳ ಮದುವೆಯ ದಿನ, ನೆರೆದ ಜನರ ಮುಂದೆ, ಒಬ್ಬ ರೈತನು ತಾನು ಮಾಡಿದ ಶಿಶುಹತ್ಯೆಯನ್ನು ತಾನಾಗಿಯೇ ಒಪ್ಪಿಕೊಂಡಿದ್ದನು. ಟಾಲ್‌ಸ್ಟಾಯ್ ಅವರು ಆ ಬಂದಿಯನ್ನು ಸೆರೆಮನೆಗೆ ಹೋಗಿ ಕಂಡು ಮಾತನಾಡಿ ಬಂದರು.

ನಾಟಕದಲ್ಲಿ ಆ ರೈತನ ಹೆಸರು ನಿಕೀತ. ಹಣವಂತನಾದರೂ ರೋಗಿಷ್ಠನಾದ ಯಜಮಾನನೊಬ್ಬನ ಮನೆಯಲ್ಲಿ ಅವನು ಆಳು. ಯಜಮಾನನ ಹೆಂಡತಿಗೂ ಇವನಿಗೂ ಸಂಬಂಧ ಬೆಳೆಯುತ್ತದೆ. ನಿಕೀತನ ತಾಯಿಯೇ ವಿಷದ ಪುಡಿಯನ್ನು ತಂದು ಒದಗಿಸುತ್ತಾಳೆ, ಯಜಮಾನ ಸಾಯುತ್ತಾನೆ, ಆಳು ಯಜಮಾನನಾಗುತ್ತಾನೆ. ಬಳಿಕ ಸತ್ತವನ ಮೊದಲ ಹೆಂಡತಿಯ ಮಗಳೊಡನೆ ಅವನ ನಡತೆ ಕೆಡುತ್ತದೆ. ಹುಟ್ಟಿದ ಕೂಸನ್ನು ನೆಲಮಾಳಿಗೆಯಲ್ಲಿ ಹಲಗೆಯಡಿ ಅದುಮಿ ಕೊಲ್ಲುವಂತೆ ತಾಯಿಯೂ ಹೆಂಡತಿಯೂ ಅವನನ್ನು ದೂಡುತ್ತಾರೆ. ಅವನು ಕೊಲ್ಲುತ್ತಾನೆ. ಎಲ್ಲವೂ ಮುಚ್ಚಿಹೋಗುತ್ತದೆ, ಯಾರಿಗೂ ತಿಳಿಯುವುದಿಲ್ಲ. ಆದರೆ ಕೂಸಿನ ಎಲುಬು ಮುರಿದ ಸದ್ದು ಮಾತ್ರ ಅವನ ಕಿವಿಯಿಂದ ಹೋಗುವುದಿಲ್ಲ. ಉಗುರು ಸಿಕ್ಕಿದ ಹಕ್ಕಿ ಪೂರ್ತಿ ಸಿಕ್ಕಿದಂತೆ ಎಂಬ ಅರ್ಥದ ಗಾದೆಯನ್ನು ಟಾಲ್‌ಸ್ಟಾಯ್ ಅವರು ನಾಟಕಕ್ಕೆ ಉಪಶೀರ್ಷಿಕೆಯಾಗಿ ಇಟ್ಟಿದ್ದಾರೆ.

ಈ ನಾಟಕವನ್ನು ಅವರು ಬರೆದದ್ದು ಪಟ್ಟಣದ ರಸಿಕರಿಗೆಂದಲ್ಲ, ಹಳ್ಳಿಯ ಜನರಿಗೆಂದು. ರೈತರ ಮಾತಿನಲ್ಲೇ ಬರೆದರು. ಬರೆದು ಮುಗಿಸಿದ ಮೇಲೆ ಅದರ ಮೊದಲ ಪರೀಕ್ಷೆ ತಮ್ಮೂರ ರೈತರ ಮುಂದೆಯೇ ಆಗಲೆಂದು ಅವರನ್ನು ಮನೆಗೆ ಕರೆಸಿದರು. ಸ್ತಖೋವಿಚ್ ಎಂಬ ಅವರ ಮಿತ್ರರು ಒಳ್ಳೆಯ ವಾಚಕರು. ಅವರು ನಾಟಕವನ್ನು ಓದಿದರು. ಮುಂದೆ ತಮ್ಮ ನೆನಪುಗಳಲ್ಲಿ ಆ ಸಂಜೆಯನ್ನು ಬರೆದಿಟ್ಟವರೂ ಅವರೇ. ರೈತರು ತುಟಿಪಿಟಕ್ಕೆನ್ನದೆ ಕೇಳಿದರು. ಮನೆಯ ಊಟದ ಕೋಣೆಯ ಪರಿಚಾರಕನೊಬ್ಬನು ಮಾತ್ರ, ಎಲ್ಲಿ ಮೈ ನಡುಗಬೇಕೋ ಅಲ್ಲಿಯೇ ಬಿದ್ದು ಬಿದ್ದು ನಕ್ಕನು.

ಓದು ಮುಗಿಯಿತು. ಟಾಲ್‌ಸ್ಟಾಯ್ ಅವರು ನೆರೆದವರಲ್ಲಿ ಒಬ್ಬ ಪ್ರೌಢ ರೈತನನ್ನು, ನಾಟಕ ಹೇಗಿತ್ತೆಂದು ಕೇಳಿದರು. ಆ ರೈತನು ಹಿಂದೆ ಅವರ ಶಾಲೆಯ ಮೆಚ್ಚಿನ ವಿದ್ಯಾರ್ಥಿ. ೧೮೫೯ರಲ್ಲಿ ಟಾಲ್‌ಸ್ಟಾಯ್ ಅವರು ತಮ್ಮ ಯಾಸ್ನಾಯ ಪೊಲ್ಯಾನದಲ್ಲಿ ರೈತರ ಮಕ್ಕಳಿಗಾಗಿ ಶಾಲೆ ತೆರೆದು, ಬೆತ್ತವಿಲ್ಲದೆ, ಹೆದರಿಕೆಯಿಲ್ಲದೆ ಪಾಠ ಹೇಳಿದ್ದ ಸಂಗತಿ ಉಪಾಧ್ಯಾಯರಾದ ನಮಗೆಲ್ಲ ತಿಳಿದದ್ದೇ. ಆ ಶಾಲೆಯಲ್ಲಿ ಕಲಿತವನ ಉತ್ತರ ಹೀಗಿತ್ತು: ನಿಕೀತ ಮೊದಲು ಕೆಲಸವನ್ನು ಜಾಣತನದಿಂದಲೇ ನಡೆಸಿದ, ಕೊನೆಗೆ ಎಡವಿಬಿಟ್ಟ.

ಕೇಳಿದಿರಾ ಮಹನೀಯರೆ? ಪಶ್ಚಾತ್ತಾಪದ ಶಿಖರವೆಂದು ಯಾವ ದೃಶ್ಯವನ್ನು ನಾಟಕಕಾರನು ಕಟ್ಟಿದ್ದನೋ ಅದು ಆ ಶ್ರೋತೃವಿಗೆ ಎಡವಟ್ಟಾಗಿ ಕಂಡಿತು. ತಪ್ಪೊಪ್ಪಿಗೆಯೆಂದರೆ ಸಿಕ್ಕಿಬೀಳುವಿಕೆ, ಜಾಣನಾದವನು ಹಾಗೆ ಸಿಕ್ಕಿಬೀಳಬಾರದಿತ್ತು. ಈ ಉತ್ತರವನ್ನು ಓದಿದಾಗಲೆಲ್ಲ ನನ್ನ ಮನಸ್ಸು ನಾಟಕಕಾರ ಟಾಲ್‌ಸ್ಟಾಯ್ ಅವರಿಗಿಂತ ಉಪಾಧ್ಯಾಯ ಟಾಲ್‌ಸ್ಟಾಯ್ ಅವರ ಕಡೆಗೇ ಹೋಗುತ್ತದೆ. ಕಾಲು ಶತಮಾನದ ಹಿಂದೆ ತಾವೇ ಎದುರಿಗೆ ಕೂರಿಸಿಕೊಂಡು ಪಾಠ ಹೇಳಿದ ಹುಡುಗ ಈಗ ಎದುರಿಗೆ ನಿಂತು ಈ ಮಾತನ್ನು ಹೇಳುತ್ತಿದ್ದಾನೆ.

ಆದರೆ ಟಾಲ್‌ಸ್ಟಾಯ್ ಅವರು ರೈತರನ್ನು ಹಳಿಯಲಿಲ್ಲ. ಸ್ತಖೋವಿಚ್ ಅವರು ಬರೆದಿಟ್ಟಿರುವ ಪ್ರಕಾರ, ಅವರು ದೋಷವನ್ನೆಲ್ಲ ಆ ಪರಿಚಾರಕನ ನಗೆಯ ಮೇಲೆ ಹೊರಿಸಿದರು. ಪರಿಚಾರಕನ ಕಣ್ಣಿಗೆ ಸ್ತಖೋವಿಚ್ ಎಂದರೆ ಕೈತುಂಬ ಇನಾಮು ಕೊಡುವ ದೊಡ್ಡ ಮನುಷ್ಯ. ಅಂಥ ದೊಡ್ಡ ಮನುಷ್ಯ ಇದ್ದಕ್ಕಿದ್ದಂತೆ ಕುಡುಕನ ಹಾಗೆ ಕೂಗಾಡಿದರೆ ಅವನಿಗೆ ನಗು ಬಾರದಿರುತ್ತದೆಯೇ? ಆ ನಗೆಯಿಂದಾಗಿ ಉಳಿದವರಿಗೆ ನಾಟಕದ ಅರ್ಥ ಮುಟ್ಟಲಿಲ್ಲ. ಇದು ನೆಪವೆಂದು ಕೆಲವರಿಗೆ ತೋರಬಹುದು. ನನಗೆ ಹಾಗೆ ತೋರುವುದಿಲ್ಲ. ನಮ್ಮ ಗಣಿತದ ಮಾಷ್ಟ್ರು ಒಂದು ವೇಳೆ ರಂಗದ ಮೇಲೆ ಬಂದು ‘ಅಯ್ಯೋ’ ಎಂದು ಎದೆ ಬಡಿದುಕೊಂಡರೆ ಏಳನೆಯ ತರಗತಿ ಏನು ಮಾಡೀತೆಂಬುದನ್ನು ತಾವೇ ಊಹಿಸಬಹುದು. ಪ್ರೇಕ್ಷಕನು ನಕ್ಕನೆಂದ ಮಾತ್ರಕ್ಕೆ ಅವನ ಹೃದಯ ಕಲ್ಲೆಂದು ಹೇಳಲಾಗದು. ನಗು ಯಾವುದರಿಂದ ಬಂತೆಂದು ನೋಡಬೇಕು.

ಇನ್ನು ನಾಗರಿಕರ ಸಂಗತಿ. ಪ್ಯಾರಿಸಿನಲ್ಲಿ ಆಂತ್ವಾನ್ ಎಂಬ ಯುವಕನು ತನ್ನ ಸಣ್ಣ ರಂಗಶಾಲೆಯಲ್ಲಿ ಈ ನಾಟಕವನ್ನು ಆಡಿಸಲು ಹೊರಟಾಗ, ಅಲ್ಲಿಯ ಮೂವರು ಪ್ರಖ್ಯಾತ ನಾಟಕಕಾರರು ಇದು ಫ್ರೆಂಚ್ ರಂಗಭೂಮಿಗೆ ಆಗಿಬರುವುದಿಲ್ಲವೆಂದು ಅಭಿಪ್ರಾಯ ಕೊಟ್ಟರು. ಬಹಳ ಕತ್ತಲೆ ಎಂದರು ಒಬ್ಬರು. ಓದುವುದಕ್ಕೆ ಸರಿ, ನೋಡುವುದಕ್ಕಲ್ಲ ಎಂದರು ಇನ್ನೊಬ್ಬರು. ಇದು ನಾಟಕವೇ ಅಲ್ಲ, ಸಂಭಾಷಣೆಯ ರೂಪದ ಕಾದಂಬರಿ ಎಂದರು ಮತ್ತೊಬ್ಬರು. ೧೮೮೮ರ ಫೆಬ್ರವರಿಯಲ್ಲಿ ಪ್ರಯೋಗವಾಯಿತು. ಪ್ಯಾರಿಸಿನ ಜನ ಕದಲದೆ ಕುಳಿತು ನೋಡಿ ಮೆಚ್ಚಿದರು. ರಷ್ಯಾದಲ್ಲಾದರೋ ಚಕ್ರವರ್ತಿಯೇ ಮೊದಲು ಇದರ ವಾಚನವನ್ನು ಕೇಳಿ ಮೆಚ್ಚಿ, ಬಳಿಕ ಧರ್ಮಾಧಿಕಾರಿ ಪೊಬೆದೊನೊಸ್ತ್ಸೆವ್ ಬರೆದ ಕಾಗದವನ್ನು ಓದಿ ಮನಸ್ಸು ಬದಲಿಸಿ, ಪ್ರದರ್ಶನವನ್ನು ನಿಷೇಧಿಸಿದರು. ೧೮೯೫ರವರೆಗೆ ರಷ್ಯಾದ ನಾಟಕಶಾಲೆಗಳಲ್ಲಿ ಅದನ್ನು ಆಡಲಾಗಲಿಲ್ಲ. ಒಂದೇ ನಾಟಕ, ಮೂರು ಬಗೆಯ ಪ್ರೇಕ್ಷಕರು: ಒಬ್ಬನಿಗೆ ಅದು ಎಡವಿದ ಜಾಣನ ಕಥೆ, ಮತ್ತೊಬ್ಬರಿಗೆ ಮಹತ್ವದ ಕೃತಿ, ಮೂರನೆಯವರಿಗೆ ಜನರ ಕಣ್ಣಿಗೆ ಬೀಳಬಾರದ ಅಸಹ್ಯ.

ಐದನೆಯ ಅಂಕವನ್ನು ಕುರಿತು ಇನ್ನೊಂದು ಮಾತನ್ನು ಹೇಳದೆ ಮುಂದೆ ಹೋಗಲಾರೆ. ಮದುವೆಮನೆಯ ಗದ್ದಲದಿಂದ ತಪ್ಪಿಸಿಕೊಂಡು ನಿಕೀತ ಹೊರಗೆ ಹುಲ್ಲಿನ ರಾಶಿಯ ಬಳಿ ಬಂದಿದ್ದಾನೆ. ಕೈಯಲ್ಲಿ ಹಗ್ಗವಿದೆ. ಅವನನ್ನು ತಡೆಯುವವರು ಯಾರು? ಗುರುಗಳೇ, ಸಂತರೇ? ಅಲ್ಲ. ಅದೇ ಹುಲ್ಲಿನಲ್ಲಿ ಕುಡಿದು ಬಿದ್ದಿರುವ ಮಿತ್ರಿಚ್ ಎಂಬ ಮುದಿ ಸಿಪಾಯಿ. ಜನರಿಗೆ ಹೆದರಬಾರದು, ಮನುಷ್ಯರೆಲ್ಲ ಒಂದೇ ಎಂದು ಅವನು ಅಮಲಿನಲ್ಲಿ ಏನೇನೋ ಬಡಬಡಿಸುತ್ತಾನೆ. ಅವನು ನಿಕೀತನಿಗೆ ಬುದ್ಧಿ ಹೇಳುತ್ತಲೂ ಇಲ್ಲ, ನಿಕೀತನ ಅಪರಾಧ ಅವನಿಗೆ ತಿಳಿದೂ ಇಲ್ಲ. ಆ ಮಾತಿನಿಂದ ಇವನು ಎದ್ದು ಒಳಗೆ ಹೋಗಿ ಮಂಡಿಯೂರುತ್ತಾನೆ. ತಾಯಿಯ ಹೆಸರನ್ನಾಗಲಿ ಹೆಂಡತಿಯ ಹೆಸರನ್ನಾಗಲಿ ಎತ್ತುವುದಿಲ್ಲ; ತಾನು ಕೊಡದ ವಿಷವನ್ನು ಸಹ ತಾನೇ ಕೊಟ್ಟೆನೆನ್ನುತ್ತಾನೆ. ಪೊಲೀಸು ಅಧಿಕಾರಿ ಆ ಕ್ಷಣವೇ ಹೇಳಿಕೆ ಬರೆದುಕೊಳ್ಳಲು ಹೊರಟರೆ, ನಿಕೀತನ ತಂದೆ, ಮಾತು ತೊದಲುವ ಬಡ ಮುದುಕ, ಸ್ವಲ್ಪ ತಾಳಿರೆಂದು ಅವನನ್ನೇ ತಡೆಯುತ್ತಾನೆ. ಮಗನು ಸೈಬೀರಿಯಾಕ್ಕೆ ಹೋಗುವುದು ಖಂಡಿತವೆಂದು ತಿಳಿದೂ ಆ ಮುದುಕನ ಮುಖದಲ್ಲಿ ಸಂತೋಷವಿದೆ. ಇದೆಲ್ಲ ಎಡವಟ್ಟೋ ಅಲ್ಲವೋ ಎಂಬುದನ್ನು ಕೇಳುವವನೇ ತೀರ್ಮಾನಿಸಬೇಕು. ತೀರ್ಮಾನಿಸಲು ಅವನಿಗೆ ಬಿಡುವು ಬೇಕು. ನಿಧಾನವೆಂದರೆ ಆ ಬಿಡುವು.

ನಿಧಾನದ ಮಾತು ಬಂದುದರಿಂದ ಇಂಗ್ಲೆಂಡಿನ ಒಂದು ದೃಷ್ಟಾಂತವನ್ನು ಕೊಡುತ್ತೇನೆ. ಲಂಡನ್ನಿನ ಲೈಸಿಯಂ ನಾಟಕಶಾಲೆಯಲ್ಲಿ ೧೮೭೧ರ ನವೆಂಬರ್ ೨೫ರಂದು ಹೆನ್ರಿ ಇರ್ವಿಂಗ್ ಎಂಬ ನಟನು ‘ದಿ ಬೆಲ್ಸ್’, ಅಂದರೆ ‘ಗೆಜ್ಜೆಗಳು’ ಎಂಬ ನಾಟಕವನ್ನು ಮೊದಲ ಬಾರಿಗೆ ಆಡಿದನು. ಫ್ರೆಂಚ್ ಮೂಲದಿಂದ ಲಿಯೊಪೋಲ್ಡ್ ಲೂಯಿಸ್ ಎಂಬವರು ಮಾಡಿಕೊಂಡ ರೂಪಾಂತರವದು. ಅಲ್ಸೇಸ್ ಪ್ರಾಂತದ ಹಳ್ಳಿಯೊಂದರಲ್ಲಿ ಮಥಿಯಾಸ್ ಎಂಬವನು ಪೌರಮುಖ್ಯ. ಹಣ, ಮರ್ಯಾದೆ, ಮದುವೆಗೆ ನಿಂತ ಮಗಳು, ಎಲ್ಲವೂ ಇವೆ. ಹದಿನೈದು ವರ್ಷಗಳ ಹಿಂದೆ, ಹಿಮ ಸುರಿಯುವ ರಾತ್ರಿ, ಜಾರುಬಂಡಿಯಲ್ಲಿ ಬಂದ ಯೆಹೂದಿ ವ್ಯಾಪಾರಿಯೊಬ್ಬನನ್ನು ಚಿನ್ನಕ್ಕಾಗಿ ಕೊಂದು ಸುಣ್ಣದ ಗೂಡಿನಲ್ಲಿ ಸುಟ್ಟವನು ಇವನೇ. ಬಂಡಿಯ ಕುದುರೆಯ ಗೆಜ್ಜೆಯ ಸದ್ದು ಈಗ ಇವನಿಗೊಬ್ಬನಿಗೇ ಕೇಳಿಸುತ್ತದೆ.

ಆ ನಾಟಕಶಾಲೆಯಲ್ಲಿ ಬೆಳೆದ ಗಾರ್ಡನ್ ಕ್ರೇಗ್ ಎಂಬ ರಂಗತಜ್ಞರು ೧೯೩೦ರಲ್ಲಿ ಇರ್ವಿಂಗನ ಮೇಲೆ ಒಂದು ಪುಸ್ತಕ ಬರೆದರು. ಅದರಲ್ಲಿ ಒಂದು ಸಣ್ಣ ಘಟನೆಯನ್ನು ಪುಟಗಟ್ಟಲೆ ವರ್ಣಿಸಿದ್ದಾರೆ. ಘಟನೆಯೇನು? ಹಿಮದಿಂದ ಒಳಗೆ ಬಂದ ಮಥಿಯಾಸ್ ಬೂಟುಗಳನ್ನು ಕಳಚಿ ಮನೆಯ ಪಾದರಕ್ಷೆಗಳನ್ನು ಹಾಕಿಕೊಳ್ಳುತ್ತಿದ್ದಾನೆ. ಬಗ್ಗಿ ಬಕಲು ಬಿಗಿಯುತ್ತಿದ್ದಾನೆ. ಜೊತೆಯಲ್ಲಿ ಕುಳಿತವರು ಹಳೆಯ ಆ ಚಳಿಗಾಲದ ಮಾತೆತ್ತುತ್ತಾರೆ. ಬಕಲಿನ ಮೇಲಿದ್ದ ಬೆರಳುಗಳು ನಿಲ್ಲುತ್ತವೆ. ಅಷ್ಟೇ. ದೂರದಲ್ಲಿ ಗೆಜ್ಜೆ. ಆ ಬಗ್ಗಿದ ಮೈ ಮೆಲ್ಲಮೆಲ್ಲನೆ ಮೇಲೇಳುತ್ತದೆ. ಕೂಗಿಲ್ಲ, ಓಟವಿಲ್ಲ, ಕತ್ತಿಯಿಲ್ಲ. ನಾಟಕಶಾಲೆ ಉಸಿರು ಬಿಗಿಹಿಡಿದು ಒಬ್ಬ ಮನುಷ್ಯನ ಬೆರಳುಗಳನ್ನು ನೋಡುತ್ತಿತ್ತು. ನಾಟಕ ಸುಮಾರು ೧೫೦ ರಾತ್ರಿ ನಡೆಯಿತು. ೧೯೦೫ರ ಅಕ್ಟೋಬರಿನಲ್ಲಿ, ತಾನು ತೀರಿಕೊಳ್ಳುವ ಹಿಂದಿನ ರಾತ್ರಿ, ಇರ್ವಿಂಗನು ಬ್ರಾಡ್‌ಫರ್ಡಿನಲ್ಲಿ ಇದೇ ಪಾತ್ರವನ್ನು ಆಡಿದನು.

ಮೆಚ್ಚದವರೂ ಇದ್ದರು. ಮೊದಲ ಪ್ರಯೋಗದ ರಾತ್ರಿ ಗಾಡಿಯಲ್ಲಿ ಹಿಂದಿರುಗುವಾಗ ಇರ್ವಿಂಗನ ಹೆಂಡತಿಯೇ, ಬಾಳೆಲ್ಲ ಹೀಗೆಯೇ ಹುಚ್ಚನಂತೆ ಆಡುತ್ತಿರುವೆಯೋ ಎಂಬರ್ಥದ ಮಾತನ್ನಾಡಿದಳೆಂದೂ, ಅವನು ಗಾಡಿಯನ್ನು ನಿಲ್ಲಿಸಿ ಇಳಿದು ಹೋದವನು ಮತ್ತೆ ಮನೆಗೆ ಬರಲಿಲ್ಲವೆಂದೂ ಅವನ ಚರಿತ್ರೆಯಲ್ಲಿ ಹೇಳಿದೆ. ಪ್ರೇಕ್ಷಕರ ಪ್ರತಿಕ್ರಿಯೆಯ ಬಲ ಎಷ್ಟೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ!

ಇಷ್ಟೆಲ್ಲ ಪರದೇಶದ ಮಾತಾಯಿತು. ನಮ್ಮ ನೆಲದ ಮಾತೇನೆಂದು ತಾವು ಕೇಳಬಹುದು. ನಾವಿರುವ ಕೇರಳ ರಾಜ್ಯದಲ್ಲೇ ತಯಾರಾದ ಎರಡು ಚಲನಚಿತ್ರಗಳನ್ನು ಪಕ್ಕಪಕ್ಕದಲ್ಲಿಡುತ್ತೇನೆ. ಒಂದು, ೨೦೧೩ರ ಕೊನೆಯಲ್ಲಿ ಬಂದ ಜೀತು ಜೋಸೆಫ್ ಅವರ ‘ದೃಶ್ಯಂ’. ಮರುವರ್ಷ ಕನ್ನಡದಲ್ಲಿ ರವಿಚಂದ್ರನ್ ಅವರು ನಟಿಸಿದ ‘ದೃಶ್ಯ’ ಅದರದೇ ರೂಪ. ಇದನ್ನು ನೋಡದವರು ಈ ಸಭೆಯಲ್ಲಿ ಕಡಮೆ. ಮಗಳ ಮಾನ ಕಾಯಲು ಹೋಗಿ ಒಂದು ಸಾವು ಸಂಭವಿಸುತ್ತದೆ. ನಾಲ್ಕನೆಯ ತರಗತಿಯನ್ನಷ್ಟೇ ಕಲಿತ ಮನೆಯೊಡೆಯನು ತಾನು ನೋಡಿದ ಸಿನಿಮಾಗಳ ಬುದ್ಧಿಯಿಂದ ಇಡೀ ಪೊಲೀಸು ಇಲಾಖೆಯನ್ನು ಮರುಳು ಮಾಡುತ್ತಾನೆ. ಅದರ ಪೂರ್ವಾರ್ಧ ಎಷ್ಟು ನಿಧಾನವೆಂಬುದನ್ನು ಸ್ಮರಿಸಿಕೊಳ್ಳಿ. ಸಂಸಾರದ ಸಣ್ಣಪುಟ್ಟ ಸಂಗತಿಗಳಲ್ಲೇ ಗಂಟೆ ಕಳೆಯುತ್ತದೆ. ಯಾರೂ ಎದ್ದು ಹೋಗಲಿಲ್ಲ.

ಆ ಚಿತ್ರದ ಕೊನೆಯಲ್ಲಿ ಮನೆಯೊಡೆಯನು, ಮಗನನ್ನು ಕಳೆದುಕೊಂಡ ತಂದೆತಾಯಿಗಳ ಮುಂದೆ ನಿಂತು, ಅರ್ಧ ಹೇಳಿ ಅರ್ಧ ಹೇಳದೆ ಕ್ಷಮೆ ಬೇಡುತ್ತಾನೆ. ತದನಂತರ ಹೆಣ ಎಲ್ಲಿದೆಯೆಂಬುದು, ಅದೂ ಪೊಲೀಸು ಠಾಣೆಯ ನೆಲದಡಿಯಲ್ಲೇ ಇದೆಯೆಂಬುದು, ನಮಗೆ ತಿಳಿಯುತ್ತದೆ. ನಾನು ನೋಡಿದ ಚಿತ್ರಮಂದಿರದಲ್ಲಿ ಸಿಳ್ಳೆ ಬಿದ್ದದ್ದು ಎರಡನೆಯ ದೃಶ್ಯಕ್ಕೆ. ಕ್ಷಮೆಯ ದೃಶ್ಯದಲ್ಲಿ ಹಿಂದಿನ ಸಾಲಿನವರು ಕಡಲೆಯ ಪೊಟ್ಟಣ ಬಿಚ್ಚುತ್ತಿದ್ದರು. ಟಾಲ್‌ಸ್ಟಾಯ್ ಅವರ ಹಳೆಯ ವಿದ್ಯಾರ್ಥಿ ಅಲ್ಲಿದ್ದಿದ್ದರೆ ಬಹಳ ಸಂತೋಷಪಡುತ್ತಿದ್ದನು: ಇವನು ಕೊನೆಯವರೆಗೂ ಎಡವಲಿಲ್ಲ. ಹೀಗೆಂದು ನಾನು ಆ ಚಿತ್ರವನ್ನು ನಿಂದಿಸುತ್ತಿಲ್ಲ. ಅದನ್ನು ಎರಡು ಸಲ ನೋಡಿದವನು ನಾನು.

ಇನ್ನೊಂದು, ಅಡೂರು ಗೋಪಾಲಕೃಷ್ಣನ್ ಅವರ ‘ನಿಳಲ್‌ಕ್ಕುತ್ತ್’, ೨೦೦೨ರದು. ಹಿಂದಿನ ತಿರುವಿತಾಂಕೂರು ಸಂಸ್ಥಾನದಲ್ಲಿ ಗಲ್ಲಿಗೇರಿಸುವ ಕೆಲಸದ ಕಾಳಿಯಪ್ಪನ್ ಎಂಬವನ ಕಥೆ. ತಾನು ಕೊನೆಯದಾಗಿ ಗಲ್ಲಿಗೇರಿಸಿದವನು ನಿರಪರಾಧಿಯಾಗಿದ್ದನೆಂಬ ಕೊರಗು ಅವನನ್ನು ತಿನ್ನುತ್ತಿದೆ. ಕುಡಿತದಲ್ಲಿ ಅದನ್ನು ಮರೆಯಲು ನೋಡುತ್ತಾನೆ. ಊರಿನವರಾದರೋ ಗಲ್ಲಿನ ಹಗ್ಗವನ್ನು ಸುಟ್ಟ ಬೂದಿಗಾಗಿ ಅವನ ಬಳಿಗೆ ಬರುತ್ತಾರೆ; ಅದು ರೋಗ ಗುಣಪಡಿಸುತ್ತದೆಂಬ ನಂಬಿಕೆ. ಮತ್ತೊಬ್ಬನನ್ನು ಗಲ್ಲಿಗೇರಿಸಲು ಕರೆ ಬರುತ್ತದೆ. ಹಿಂದಿನ ರಾತ್ರಿ ಅವನು ನಿದ್ದೆ ಮಾಡದಂತೆ ಕಾವಲಿನವರು ಒಂದು ಅಪರಾಧದ ಕಥೆ ಹೇಳುತ್ತಾರೆ. ಕಥೆ ಕೇಳುತ್ತ ಕೇಳುತ್ತ, ಅದರಲ್ಲಿ ಬಲಿಯಾದ ಹುಡುಗಿಯ ಜಾಗದಲ್ಲಿ ಅವನು ತನ್ನ ಮಗಳನ್ನೇ ಕಾಣುತ್ತಾನೆ. ಇದಕ್ಕೆ ಆ ವರ್ಷದ ಅತ್ಯುತ್ತಮ ಮಲಯಾಳ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಬಂತು. ಪ್ರಶಸ್ತಿ ಬಂದ ಚಿತ್ರವೆಂದರೆ ನಮ್ಮವರಿಗೆ ಆಕಳಿಕೆ ಬರುತ್ತದೆಂಬುದು ಬೇರೆ ಮಾತು. ನಮ್ಮ ವಾಚನಾಲಯದಲ್ಲಿ ಇದನ್ನು ತೋರಿಸಿದಾಗ ಇಬ್ಬರು ನಿದ್ದೆ ಹೋದುದನ್ನು ನಾನೇ ಕಂಡಿದ್ದೇನೆ. ಆದರೆ ಚಿತ್ರ ಮುಗಿದ ಮೇಲೆ, ಅಡಿಕೆ ಸುಲಿಯುವ ಕೆಲಸದ ಹಿರಿಯರೊಬ್ಬರು ನನ್ನನ್ನು ಬಾಗಿಲಲ್ಲಿ ನಿಲ್ಲಿಸಿ ಕೇಳಿದ ಪ್ರಶ್ನೆಯನ್ನು ಯಾವ ವಿಮರ್ಶಕರೂ ಕೇಳಿದ್ದನ್ನು ನಾನು ಓದಿಲ್ಲ. “ಮಾಷ್ಟ್ರೆ, ತೀರ್ಪು ಬರೆದವರಿಗೆ ನಿದ್ದೆ ಬರ್ತಿತ್ತಾ?” ಎಂದರು ಅವರು.

ಒಂದು ಚಿತ್ರದಲ್ಲಿ ನಾವು ಕಾಯುವುದು ಇವನು ತಪ್ಪಿಸಿಕೊಳ್ಳುತ್ತಾನೆಯೇ ಎಂದು. ಇನ್ನೊಂದರಲ್ಲಿ ಇವನು ಹೇಗೆ ಬದುಕುತ್ತಾನೆ ಎಂದು. ಎರಡೂ ನಿಧಾನವೇ. ಮೊದಲನೆಯ ಬಗೆಯ ಕಾಯುವಿಕೆ ನಮಗೆ ರೂಢಿಯಾಗಿದೆ, ಎರಡನೆಯದು ತಪ್ಪಿಹೋಗಿದೆ ಎಂದು ನನಗೆ ತೋರುತ್ತದೆ. ತಪ್ಪಿಹೋಗಿದೆ ಎಂದೆ, ಏಕೆಂದರೆ ನಮ್ಮ ಸೀಮೆಯಲ್ಲಿ ಅದು ಇಲ್ಲದ ವಸ್ತುವಾಗಿರಲಿಲ್ಲ.

ಪಾರ್ತಿಸುಬ್ಬನ ನಾಡಿದು. ತಾಳಮದ್ದಳೆಯ ನಾಡಿದು. ‘ವಾಲಿವಧೆ’ಯ ಪ್ರಸಂಗಕ್ಕೆ ರಾತ್ರಿಯೆಲ್ಲ ಕುಳಿತವರು ತಮ್ಮಲ್ಲಿ ಎಷ್ಟೋ ಮಂದಿ ಇದ್ದೀರಿ. ವೇಷವಿಲ್ಲ, ಕುಣಿತವಿಲ್ಲ; ಪಂಚೆ ಶಾಲು ಹೊದೆದ ನಾಲ್ಕೈದು ಮಂದಿ ಅರ್ಥಧಾರಿಗಳು, ಹಿಂದೆ ಭಾಗವತರು, ಚೆಂಡೆ ಮದ್ದಳೆ. ವಾಲಿ ಸಾಯುವನೆಂಬುದು ಹಾಲುಗಲ್ಲದ ಮಗುವಿಗೂ ತಿಳಿದಿದೆ. ಬಾಣ ಬಿಟ್ಟವನು ಯಾರೆಂಬುದೂ ತಿಳಿದಿದೆ. ಬಾಣ ತಾಗಿದ ಬಳಿಕವೇ ನಿಜವಾದ ಪ್ರಸಂಗ ಮೊದಲಾಗುತ್ತದೆ. ಮರೆಯಲ್ಲಿ ನಿಂತು ಹೊಡೆದುದು ಧರ್ಮವೇ ಎಂದು ಬಿದ್ದವನು ಕೇಳುತ್ತಾನೆ. ಹೊಡೆದವನು ಉತ್ತರ ಹೇಳಬೇಕು. ಕೈಲಾಸವಾಸಿ ಶೇಣಿ ಗೋಪಾಲಕೃಷ್ಣ ಭಟ್ಟರ ವಾಲಿಯನ್ನು ಕೇಳಿದವರು ಈಗಲೂ ಆ ಮಾತುಗಳನ್ನು ಜ್ಞಾಪಿಸಿಕೊಳ್ಳುತ್ತಾರೆ. ದೇವರೆಂದು ಕೈಮುಗಿಯುವ ರಾಮನನ್ನೇ ಕಟಕಟೆಯಲ್ಲಿ ನಿಲ್ಲಿಸಿ ಗಂಟೆಗಟ್ಟಲೆ ವಿಚಾರಿಸುವುದನ್ನು ನಮ್ಮ ಅಜ್ಜಂದಿರು ಎಲೆಯಡಿಕೆ ಮೆಲ್ಲುತ್ತ ಕೇಳಿದರು. ಯಾರೂ ನಿಧಾನವಾಯಿತೆಂದು ದೂರಲಿಲ್ಲ. ಮರುದಿನ ತೋಟದಲ್ಲಿ ನೀರು ಬಿಡುತ್ತ, ರಾಮನ ಉತ್ತರ ಸಾಕಾಯಿತೇ ಸಾಲದೇ ಎಂದು ವಾದಿಸಿದರು. ನಮ್ಮ ಜನಕ್ಕೆ ಹಿಡಿಸದೆಂದು ಹೇಳುವವರು ಯಾವ ಜನವನ್ನು ಮನಸ್ಸಿನಲ್ಲಿಟ್ಟುಕೊಂಡು ಹೇಳುತ್ತಾರೆಂಬುದು ನನಗೆ ತಿಳಿಯುತ್ತಿಲ್ಲ.

ಮ್ಯಾಕ್‌ಬೆತ್ ನಾಟಕದ ಅರಸನೂ ನಮಗೆ ಹೊಸಬನೇನಲ್ಲ. ಡಿ.ವಿ.ಜಿ.ಯವರು ಅದನ್ನು ಕನ್ನಡಿಸಿದ್ದಾರೆ, ಬಿ.ವಿ. ಕಾರಂತರು ೧೯೭೯ರಲ್ಲಿ ಅದನ್ನು ಯಕ್ಷಗಾನದ ಧಾಟಿಯಲ್ಲಿ ‘ಬರ್ನಂ ವನ’ವೆಂದು ಹಿಂದಿಯಲ್ಲಿ ಆಡಿಸಿದರು. ಆ ನಾಟಕದಲ್ಲಿ ಕೊಲೆ ನಡೆದ ಮರುಗಳಿಗೆಯೇ ಕುಡುಕನಾದ ಬಾಗಿಲು ಕಾಯುವವನೊಬ್ಬನು ಬಂದು ಜನರನ್ನು ನಗಿಸುತ್ತಾನೆಂಬುದನ್ನು ನಗುವಿನ ವಿಷಯದಲ್ಲಿ ಮುನಿಸಿಕೊಳ್ಳುವವರು ಗಮನಿಸಬೇಕು.

ಈಗ ನಮ್ಮ ಶಾಲೆಯ ನಾಟಕದ ಪ್ರಸ್ತಾಪಕ್ಕೆ ಬರುತ್ತೇನೆ. ಅದನ್ನು ನಮ್ಮ ಉಪಾಧ್ಯಾಯರೊಬ್ಬರು ಬರೆದರು. ತಮ್ಮ ಹೆಸರು ಬೇಡವೆಂದಿದ್ದಾರೆ. ಪ್ರವಾಸಕ್ಕೆಂದು ಒಟ್ಟುಮಾಡಿದ ಹಣದ ಪೆಟ್ಟಿಗೆಯಿಂದ ಒಬ್ಬ ಹುಡುಗ ಹಣ ತೆಗೆಯುತ್ತಾನೆ. ಗುಮಾನಿ ಜವಾನನ ಮೇಲೆ ಬೀಳುತ್ತದೆ. ಜವಾನನು ಬೀಗದಕೈ ಗೊಂಚಲನ್ನು ಮೇಜಿನ ಮೇಲಿಟ್ಟು ಮನೆಗೆ ಹೋಗುತ್ತಾನೆ. ಹುಡುಗನು ದಿನಾಲೂ ಶಾಲೆಗೆ ಬರುತ್ತಾನೆ, ಪಾಠ ಒಪ್ಪಿಸುತ್ತಾನೆ, ಬಹುಮಾನವನ್ನೂ ಪಡೆಯುತ್ತಾನೆ. ನಡುವೆ ಒಂದು ದೃಶ್ಯದಲ್ಲಿ ಅವನು ಖಾಲಿ ತರಗತಿಯಲ್ಲಿ ಒಬ್ಬನೇ ಕುಳಿತಿರುತ್ತಾನೆ. ಹೊಸ ಜವಾನ ಗಂಟೆ ಹೊಡೆಯುತ್ತಾನೆ. ಹಳೆಯವನು ಹೊಡೆಯುತ್ತಿದ್ದ ರೀತಿಯಲ್ಲಿ ಅದು ಕೇಳಿಸುವುದಿಲ್ಲ. ಸುಮಾರು ನಾಲ್ಕು ನಿಮಿಷ ರಂಗದ ಮೇಲೆ ಮಾತಿಲ್ಲ.

ಆ ನಾಲ್ಕು ನಿಮಿಷಗಳಲ್ಲಿ ಏನಾಯಿತೆಂಬುದನ್ನು ತಾವೆಲ್ಲ ಬಲ್ಲಿರಿ. ಮುಂದಿನ ಚಾಪೆಯ ಮೇಲಿದ್ದ ಸಣ್ಣ ಮಕ್ಕಳು ಕಿಸಕ್ಕನೆ ನಕ್ಕರು. ಹುಡುಗ ಮಾತು ಮರೆತನೆಂದು ತಿಳಿದು ಯಾರೋ ಹಿಂದಿನಿಂದ ಸಿಳ್ಳೆ ಹಾಕಿದರು. ಕೆಲವು ತರುಣರು ಎದ್ದು ಚಹಾದಂಗಡಿಯ ಕಡೆಗೆ ಹೋದರು. ಧ್ವನಿವರ್ಧಕದವನಂತೂ ಕೆಟ್ಟುಹೋಯಿತೆಂದು ಹೆದರಿ ಒಂದು ಹಾಡಿನ ತುಣುಕನ್ನೇ ಹಾಕಿಬಿಟ್ಟ! ಆ ಗದ್ದಲದ ನಡುವೆ ಹೆಂಗಸರ ಕಡೆಯಿಂದ ಅಜ್ಜಿಯೊಬ್ಬರು ಎಲ್ಲರಿಗೂ ಕೇಳುವಂತೆ, “ಸಾಕು ಮಗಾ, ಹೇಳಿಬಿಡು” ಎಂದರು. ರಂಗದ ಮೇಲಿದ್ದ ಹುಡುಗ ತಲೆಯೆತ್ತಿ ಅವರ ಕಡೆ ನೋಡಿದ. ಅದು ಅಭ್ಯಾಸದಲ್ಲಿ ಕಲಿಸಿದ್ದಲ್ಲ.

ಮರುದಿನ ಒಂಬತ್ತನೆಯ ತರಗತಿಯವರಿಗೆ ನಾಟಕದ ಬಗ್ಗೆ ಒಂದು ಪುಟ ಬರೆಯಲು ಹೇಳಿದೆ. ಉತ್ತರಗಳನ್ನು ಈಗಲೂ ಇಟ್ಟುಕೊಂಡಿದ್ದೇನೆ. ಹೆಚ್ಚಿನವರು ಬರೆದದ್ದು ಹುಡುಗನ ಎಡವಟ್ಟುಗಳನ್ನು: ಹಣವನ್ನು ಚೀಲದಲ್ಲಿಟ್ಟದ್ದು ದಡ್ಡತನ, ಒಂದು ವಾರ ರಜೆ ಹಾಕಬೇಕಿತ್ತು, ಗೆಳೆಯನಿಗೆ ಹೇಳಬಾರದಿತ್ತು. ನೋಟುಗಳನ್ನು ಚಿಲ್ಲರೆ ಮಾಡಿಸಿದ್ದರೆ ಗೊತ್ತೇ ಆಗುತ್ತಿರಲಿಲ್ಲವೆಂದು ಬರೆದ ಒಬ್ಬನಿಗೆ ವ್ಯಾಪಾರದಲ್ಲಿ ಮುಂದೆ ಒಳ್ಳೆಯ ಭವಿಷ್ಯವಿದೆ. ಯಾಸ್ನಾಯ ಪೊಲ್ಯಾನದ ರೈತನು ನನ್ನ ತರಗತಿಯಲ್ಲೇ ಬೆಂಚಿನ ಮೇಲೆ ಸಾಲಾಗಿ ಕುಳಿತಿದ್ದ. ಇವರು ಕೆಟ್ಟ ಮಕ್ಕಳಲ್ಲ. ‘ತಪ್ಪು ಮಾಡಿದೆ’ ಎನ್ನುವುದಕ್ಕಿಂತ ‘ಸಿಕ್ಕಿಬಿದ್ದೆ’ ಎನ್ನುವ ಮಾತು ಅವರ ಬಾಯಲ್ಲಿ ಹೆಚ್ಚು. ಯಾರು ಮಾಡಿದರೆಂದು ಬೆತ್ತ ಹಿಡಿದು ತರಗತಿಯ ಮುಂದೆ ನಿಂತು ಗದರಿದ ನಮ್ಮ ವೃತ್ತಿಯ ಹಿರಿಯರ ಪಾಲೂ ಆ ಮಾತಿನಲ್ಲಿದೆ.

ಆದರೆ ಒಬ್ಬ ಹುಡುಗಿಯ ಉತ್ತರ ಬೇರೆಯಾಗಿತ್ತು. ಅವಳು ಮೂರೇ ಸಾಲು ಬರೆದಿದ್ದಳು. ಹುಡುಗ ಎಲ್ಲರ ಮುಂದೆ ಒಪ್ಪಿಕೊಂಡ, ಮುಖ್ಯೋಪಾಧ್ಯಾಯರು ಕ್ಷಮಿಸಿದರು, ಪರದೆ ಬಿತ್ತು. ಜವಾನನ ಮನೆಗೆ ಯಾರೂ ಏಕೆ ಹೋಗಲಿಲ್ಲ?

ಆ ಕಾಗದವನ್ನು ನಾಟಕ ಬರೆದ ಉಪಾಧ್ಯಾಯರಿಗೆ ತೋರಿಸಿದೆ. ಅವರು ಬಹಳ ಹೊತ್ತು ಮಾತನಾಡಲಿಲ್ಲ. ಒಪ್ಪಿಕೊಂಡವನ ಮನಸ್ಸು ಹಗುರವಾದೊಡನೆ ನಾಟಕ ಮುಗಿಯಿತೆಂದು ಅವರೂ ತಿಳಿದಿದ್ದರು, ನಾನೂ ತಿಳಿದಿದ್ದೆ, ಚಪ್ಪಾಳೆ ತಟ್ಟಿದ ಸಭೆಯೂ ತಿಳಿದಿತ್ತು. ಹದಿನಾಲ್ಕು ವರ್ಷದ ಪ್ರೇಕ್ಷಕಳೊಬ್ಬಳಿಗೆ ಮಾತ್ರ ಬೀಗದಕೈ ಗೊಂಚಲು ಇನ್ನೂ ಮೇಜಿನ ಮೇಲೆಯೇ ಬಿದ್ದಿರುವುದು ಕಂಡಿತು. ಅವಳು ಆ ನಾಲ್ಕು ನಿಮಿಷಗಳ ಮೌನದಲ್ಲಿ ಹುಡುಗನನ್ನಷ್ಟೇ ನೋಡದೆ, ಅಲ್ಲಿಲ್ಲದ ಮನುಷ್ಯನನ್ನು ಕುರಿತು ಆಲೋಚಿಸುತ್ತಿದ್ದಳೆಂದು ನಾನು ಊಹಿಸುತ್ತೇನೆ. ಅರ್ಧ ಗಂಟೆಯ ಪ್ರಹಸನದಲ್ಲಿ ಅವಳಿಗೆ ಆ ಅವಕಾಶ ಎಲ್ಲಿಂದ ಸಿಗುತ್ತಿತ್ತು?

ಪ್ರಹಸನಕ್ಕೆ ನಾನು ವಿರೋಧಿಯಲ್ಲ. ನಗದ ಶಾಲೆ ಶಾಲೆಯೇ ಅಲ್ಲ. ಆದರೆ ನಮ್ಮ ಮಕ್ಕಳಲ್ಲಿ ಹಲವರಿಗೆ ವರ್ಷಕ್ಕೊಮ್ಮೆ ಕನ್ನಡದಲ್ಲಿ ನಾಟಕವೆಂಬುದನ್ನು ಕಣ್ಣಾರೆ ಕಾಣುವ ಸ್ಥಳ ಈ ಅಂಗಳವೊಂದೇ. ಮನೆಯಲ್ಲಿ ತುಳುವೋ ಮಲಯಾಳವೋ ಕೊಂಕಣಿಯೋ ಮರಾಠಿಯೋ ಆಡುವ ಮಕ್ಕಳು ಕನ್ನಡದಲ್ಲಿ ಗೇಲ್ ಮಾಡುವುದನ್ನು ಮಾತ್ರ ಕಲಿತು, ತನ್ನೊಳಗಿನ ಅಳುಕನ್ನು ಹೇಳಿಕೊಳ್ಳುವುದನ್ನು ಕಲಿಯದೆ ಹೋದರೆ, ಆ ಭಾಷೆ ಅವರಿಗೆ ಎಷ್ಟರಮಟ್ಟಿಗೆ ಸ್ವಂತದ್ದಾದೀತು?

ಆದಕಾರಣ ಸಮಿತಿಯ ಮುಂದೆ ನನ್ನ ವಿನಂತಿ ಇಷ್ಟು. ಈ ವರ್ಷ ಅದೇ ನಾಟಕವನ್ನು ಪೂರ್ತಿಯಾಗಿ ಆಡೋಣ. ಸಣ್ಣ ಮಕ್ಕಳ ಕುಣಿತ, ಬಹುಮಾನ ವಿತರಣೆ, ಪ್ರಹಸನ ಎಲ್ಲವೂ ಮೊದಲು ಮುಗಿಯಲಿ. ಸಣ್ಣವರನ್ನು ಊಟಕ್ಕೆ ಕಳುಹಿಸಿ, ಎಂಟೂವರೆಗೆ ನಾಟಕ ಮೊದಲಾಗಲಿ. ನಾಲ್ಕು ನಿಮಿಷಗಳ ಮೌನವನ್ನು ಕತ್ತರಿಸುವುದಿಲ್ಲ. ಧ್ವನಿವರ್ಧಕದವನಿಗೆ ಮುಂಚಿತವಾಗಿ ತಿಳಿಸಲಾಗುವುದು. ಅಜ್ಜಿಯವರಿಗೆ ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸುತ್ತೇವೆ. ಅವರು ಈ ಸಲವೂ ಏನಾದರೂ ಹೇಳಬೇಕೆನಿಸಿದರೆ ಹೇಳಬಹುದು.

ಕೊನೆಗೆ ಒಂದು ದೃಶ್ಯವನ್ನು ಸೇರಿಸಲಾಗುತ್ತಿದೆ. ಹುಡುಗನು ಜವಾನನ ಮನೆಯ ಅಂಗಳದಲ್ಲಿ ನಿಂತಿದ್ದಾನೆ. ಜವಾನನ ಹೆಂಡತಿ ಬಾಗಿಲು ತೆರೆಯುತ್ತಾಳೆ. ಅಲ್ಲಿಂದ ಮುಂದಿನ ಮಾತುಗಳನ್ನು ಬರೆಯಲು ನಮ್ಮ ಉಪಾಧ್ಯಾಯರಿಗೆ ಇದುವರೆಗೆ ಸಾಧ್ಯವಾಗಿಲ್ಲ; ಆ ಮೂರು ಸಾಲು ಬರೆದ ಹುಡುಗಿಯನ್ನೇ ಹೆಂಡತಿಯ ಪಾತ್ರಕ್ಕೆ ಆರಿಸಿ, ಅವಳು ಏನು ಹೇಳುತ್ತಾಳೋ ನೋಡೋಣವೆಂದಿದ್ದಾರೆ. ಅಭ್ಯಾಸವು ಬರುವ ಶನಿವಾರ ಮಧ್ಯಾಹ್ನದ ಮೇಲೆ ಮೂರು ಗಂಟೆಗೆ ಹಳೆಯ ಕಟ್ಟಡದಲ್ಲಿ ಆರಂಭವಾಗುತ್ತದೆ. ಪಾತ್ರಧಾರಿಗಳ ಹೆತ್ತವರು ಮಕ್ಕಳನ್ನು ಆರು ಗಂಟೆಯವರೆಗೆ ಬಿಟ್ಟುಕೊಡಬೇಕಾಗಿ ಪ್ರಾರ್ಥನೆ.